ಕೋರಿಕೆ ನಿಲುಗಡೆ

...ಇಲ್ಲ, ನೀಲಿ ಅಲ್ಲವೇ ಅಲ್ಲ. ಸೂಟ್‌ಕೇಸು ನೀಲಿಯದು ಎಂದು ನಾನು ಈ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನೆ ಹಳೆಯ ಹಾಸಿಗೆ ಹುಡುಕಲು ಅಟ್ಟ ಹತ್ತಿದರೆ ಅದು ಅಲ್ಲೇ ಕೂತಿತ್ತು, ಕಂದು ಬಣ್ಣದಲ್ಲಿ. ಇಳಿಸಿ ಧೂಳು ಒರೆಸಿದೆ. ಒರೆಸಿದ ಮೇಲೂ ಕಂದೇ.

"ನೀಲಿ ಸೂಟ್‌ಕೇಸ್ ನಮ್ಮ ಮನ್ಯಾಗ ಯಾವಾಗಿತ್ರಿ? ಮದಿವ್ಯಾಗ ನಮ್ಮಪ್ಪ ಕೊಟ್ಟಿದ್ದು ಇದೊಂದ," ಎಂದು ಹೆಂಡತಿ ಶಾರದಾ ಒಳಗಿನಿಂದಲೇ ತೀರ್ಪು ಕೊಟ್ಟಳು.

ಬಣ್ಣವೇ ತಪ್ಪಿದ ಮೇಲೆ ಉಳಿದದ್ದರ ಗತಿ ಏನು? ಆ ದಿನ ಜಿಟಿಜಿಟಿ ಮಳೆಯಿತ್ತು ಎನ್ನುತ್ತೇನೆ. ಶಾರದಾ ಅವತ್ತು ಒಣಹಾಕಿದ್ದ ಸಂಡಿಗೆಯ ಸಾಕ್ಷಿ ಹೇಳುತ್ತಾಳೆ. ಕಂಡಕ್ಟರನಿಗೆ ಮೀಸೆಯಿತ್ತು ಎನ್ನುತ್ತೇನೆ. ಅದು ಡ್ರೈವರನ ಮೀಸೆ ಇದ್ದರೂ ಇರಬಹುದು. ನೆನಪು ನನ್ನ ಮಟ್ಟಿಗೆ ನಂಬುವಂಥ ಮನುಷ್ಯನಲ್ಲ. ಆದರೆ ಸಿಟ್ಟು ಮಾತ್ರ ಎಲ್ಲಿಟ್ಟಿದ್ದೆನೋ ಅಲ್ಲೇ ಇದೆ. ಸೂಟ್‌ಕೇಸಿನ ಚಿಲಕ ತೆಗೆದ ಕೂಡಲೇ ಗುರೆಳ್ಳು ಚಟ್ನಿಯ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಆದ್ದರಿಂದ ಸಿಟ್ಟನ್ನು ನಂಬಿಕೊಂಡು ಬರೆಯುತ್ತೇನೆ. ಬಣ್ಣಗಳನ್ನು ನೀವೇ ತುಂಬಿಕೊಳ್ಳಿ.

ನಾವಿರುವುದು ಹುನಗುಂದದಾಚೆ, ಅಮೀನಗಡದ ರಸ್ತೆಗೆ ಹೊಂದಿಕೊಂಡ ಬಡಾವಣೆಯಲ್ಲಿ. ಹೆಸರು ಗ್ರೀನ್ ಸಿಟಿ. ಹಸಿರಿದ್ದದ್ದು ಕಮಾನಿನ ಮೇಲಿನ ಬಣ್ಣಕ್ಕೆ ಮಾತ್ರ. ನಾವು ಬರುವ ಮೊದಲು ಅಲ್ಲಿ ಕಡಲೆ, ಜೋಳ ಬೆಳೆಯುತ್ತಿದ್ದರು. ಬಹುಶಃ ಆಗ ಅದು ನಿಜವಾಗಿ ಹಸಿರಾಗಿತ್ತು. ಈಗ ಎರೆಮಣ್ಣಿನಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದಾರೆ. ನಾಲ್ಕು ಹನಿ ಬಿದ್ದರೆ ಮಣ್ಣು ಚಪ್ಪಲಿಗೆ ಅಂಟಿ, ಮನೆಯಿಂದ ರಸ್ತೆಗೆ ಬರುವಷ್ಟರಲ್ಲಿ ಮನುಷ್ಯ ಎರಡು ಇಂಚು ಎತ್ತರವಾಗಿರುತ್ತಾನೆ. ಪ್ಲಾಟು ಮಾರುವಾಗ ಕೊಟ್ಟ ಬಣ್ಣದ ಕಾಗದದಲ್ಲಿ 'ಬಸ್ ಸೌಕರ್ಯ ಉಂಟು' ಎಂದು ಅಚ್ಚು ಮಾಡಿಸಿದ್ದರು. ಅದನ್ನು ಬರೆದವನು ಸುಳ್ಳು ಹೇಳಿರಲಿಲ್ಲ. ಬಸ್ಸು ಉಂಟು. ದಿನಾ ಬೆಳಿಗ್ಗೆ ಇಳಕಲ್ಲಿನಿಂದ ಹೊರಟು, ಹುನಗುಂದದಲ್ಲಿ ತುಂಬಿ, ನಮ್ಮ ಮುಂದೆಯೇ ಬಾಗಲಕೋಟೆಗೆ, ಅಲ್ಲಿಂದ ಬೆಳಗಾವಿಗೆ ಹೋಗುತ್ತದೆ. ಅದು ನಿಲ್ಲುತ್ತದೆ ಎಂದು ಅವನೆಲ್ಲಿ ಬರೆದಿದ್ದ?

ಕೆಲಸಕ್ಕೆ ಹೋಗಲು ಬಸ್ಸು ಬೇಕು ಎನ್ನುವುದೇ ನನಗೆ ದೊಡ್ಡವನಾದ ಮೇಲೆ ಗೊತ್ತಾದ ಸಂಗತಿ. ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಕೆಲಸಕ್ಕೆ ಹೋಗುತ್ತಿದ್ದದ್ದು ಅಡುಗೆಮನೆಯಿಂದ ಪಡಸಾಲೆಗೆ. ಚಹ ಕುಡಿದು, ಬಟ್ಟಲು ಕೆಳಗಿಟ್ಟು, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟನೆಂದರೆ ಕೆಲಸಕ್ಕೆ ಮುಟ್ಟಿದಂತೆಯೇ. ಯಾರಾದರೂ ಬಂದು ಕೇಳಿದರೆ ಅವ್ವ, "ಅವ್ರು ಕೆಲಸಕ್ಕ ಹೋಗ್ಯಾರ," ಎನ್ನುತ್ತಿದ್ದಳು. ಅವಳ ಬೆನ್ನ ಹಿಂದೆಯೇ ಲಾಳಿ ಖಟಖಟ ಓಡುತ್ತಿರುತ್ತಿತ್ತು. ಕುಣಿಯಲ್ಲಿ ಕೂತ ಅಪ್ಪ ಸೊಂಟದ ಮೇಲಷ್ಟೇ ಕಾಣಿಸುತ್ತಿದ್ದುದರಿಂದ ಕೆಲಸವೆಂದರೆ ಮನುಷ್ಯ ಅರ್ಧ ಆಗುವುದು ಎಂದು ನಾನು ತಿಳಿದುಕೊಂಡಿದ್ದೆ. ಹೀಗೆ ತಿಳಿದುಕೊಂಡಿದ್ದು ಆಗಲೋ, ಅಥವಾ ನವನಗರದ ಕಚೇರಿಯಲ್ಲಿ ಗುಮಾಸ್ತನಾಗಿ ಮೇಜಿನ ಹಿಂದೆ ಕೂತ ಮೇಲೋ, ಅದೂ ಖಾತ್ರಿಯಿಲ್ಲ.

ನಮ್ಮ ಕಮಾನಿನ ಮುಂದೆ ಒಂದು ಕಂಬ, ಕಂಬಕ್ಕೊಂದು ತಗಡು, ತಗಡಿನ ಮೇಲೆ 'ಕೋರಿಕೆ ನಿಲುಗಡೆ' ಎಂಬ ಅಕ್ಷರಗಳು. ಎಂಥ ಮರ್ಯಾದೆಯ ಮಾತು ನೋಡಿ! ನಾವು ಕೋರಬೇಕಂತೆ, ಬಸ್ಸು ನಿಲ್ಲಬೇಕಂತೆ. ನಮ್ಮ ಬಡಾವಣೆಯ ಹೆಂಗಸರು ಏಳೆಂಟು ಮಂದಿ ದಿನಾ ಅಲ್ಲಿ ನಿಂತು ಕೋರುತ್ತಿದ್ದರು. ಒಂದು ಕೈ ಚಾಚಿ ಕೋರಿದರು, ಎರಡು ಕೈ ಚಾಚಿ ಕೋರಿದರು, ರಸ್ತೆಗೇ ಇಳಿದು ಕೋರಿದರು. ಡ್ರೈವರು ಹಿಂದಿನ ಗಾಡಿ ಬರುತ್ತದೆ ಎಂಬಂತೆ ಹೆಬ್ಬೆರಳು ಹಿಂದಕ್ಕೆ ತೋರಿಸಿ ಹೋಗುತ್ತಿದ್ದ. ಹಿಂದಿನ ಗಾಡಿಯವನೂ ಹಿಂದಕ್ಕೇ ತೋರಿಸುತ್ತಿದ್ದ.

ಹುನಗುಂದದ ಸ್ಟ್ಯಾಂಡಿಗೇ ಹೋಗಿ ಹತ್ತಬಹುದಲ್ಲ ಎಂದು ನೀವು ಕೇಳುತ್ತೀರಿ. ನೀವು ಕೇಳಿಯೇ ಕೇಳುತ್ತೀರಿ, ಯಾಕೆಂದರೆ ನಿಮ್ಮ ಮನೆಯ ಮುಂದೆ ಬಸ್ಸು ನಿಲ್ಲುತ್ತದೆ. ಬೆಳಿಗ್ಗೆ ಸ್ಟ್ಯಾಂಡಿನ ಕಡೆ ಹೋಗುವ ಟಂಟಂ ಆಟೋಗಳಲ್ಲಿ ಶಾಲೆಯ ಮಕ್ಕಳು ಬಾಗಿಲಲ್ಲಿ ಜೋತಾಡುತ್ತಿರುತ್ತಾರೆ. ನಡೆದು ಹೊರಟರೆ ಅರ್ಧ ದಾರಿಯಲ್ಲಿ ನೀವು ಹಿಡಿಯಬೇಕಾದ ಬಸ್ಸೇ ಎದುರಿಗೆ ಬಂದು, ಮುಖಕ್ಕೆ ಧೂಳು ಹಾರಿಸಿ, ನಿಮ್ಮ ಮನೆಯ ದಿಕ್ಕಿಗೆ ಹೋಗುತ್ತದೆ. ಇನ್ನೂ ಬೇಗ ಏಳಿ ಎಂದರೆ, ಆ ಹೆಂಗಸರು ಕೋಳಿಗಿಂತ ಮೊದಲೇ ಎದ್ದು ರೊಟ್ಟಿ ಬಡಿದು ಬಂದವರು.

ನಾನು ನಿಂತರೆ ಮಾತ್ರ ಬಸ್ಸು ನಿಲ್ಲುತ್ತಿತ್ತು. ಅದು ನನ್ನ ನೆರೆತ ಕೂದಲಿನ ಪ್ರಭಾವವೆಂದು ನಾನು ಬಹಳ ದಿನ ನಂಬಿದ್ದೆ. ಹತ್ತುವಾಗ ಡ್ರೈವರನಿಗೆ ಒಂದು ನಮಸ್ಕಾರವನ್ನೂ ದಯಪಾಲಿಸುತ್ತಿದ್ದೆ. ನನ್ನ ಭ್ರಮೆ ಬಿಡಿಸಿದವಳು ಕಸ್ತೂರಕ್ಕ. ಅಮೀನಗಡದ ಒಂದು ಕರದಂಟಿನ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಆಕೆಗೆ ತುಪ್ಪದಲ್ಲಿ ಅಂಟು ಹುರಿಯುವ ಕೆಲಸ. ಹತ್ತಿರ ನಿಂತರೆ ಸೆರಗಿನಿಂದ ಬೆಲ್ಲದ ವಾಸನೆ. ಬಾಯಿ ತೆಗೆದರೆ ಮಾತ್ರ ಖಾರ.

"ಸರ್ರ, ನೀವು ನಿಂತ್ರ ಬಸ್ ನಿಂದರ್ತೈತಿ, ನಾವು ನಿಂತ್ರ ಓಡ್ತೈತಿ. ಯಾಕ ಗೊತ್ತೇನ್ರಿ?"

"ಯಾಕ?"

"ನಿಮ್ಮ ಮಾರಿ ಚಂದ ಅಂತ ತಿಳ್ಕೊಂಡೀರೇನು? ನೀವು ರೊಕ್ಕಾ ಕೊಟ್ಟು ಟಿಕೀಟ್ ತಗೋತೀರಿ. ನಮಗ ಮಾಫಿ. ನಮ್ಮನ್ನ ಕಂಡ್ರ ಅವ್ರಿಗಿ ಗಾಡ್ಯಾಗ ವಜ್ಜಿ ಹೇರಿದ್ಹಂಗ ಆಕ್ಕೈತಿ."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು. ಹೆಂಗಸರು ಪುಕ್ಕಟೆ ಓಡಾಡಬಹುದೆಂದು ಸರಕಾರವೇ ಹೇಳಿದ ಮೇಲೆ ಅವರನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಅಧಿಕಾರ ಇವನಿಗೆ ಕೊಟ್ಟವರು ಯಾರು? ಟಿಕೀಟು ಪುಕ್ಕಟೆ ಮಾಡಿ ಬಸ್ಸನ್ನೇ ಮಾಯ ಮಾಡುವುದು ಯಾವ ಸೀಮೆಯ ಉಪಕಾರ? ಹೀಗೆಲ್ಲ ಕೇಳಬೇಕೆಂದು ಕಚೇರಿಯಿಂದ ದೂರಿನ ನಂಬರಿಗೆ ಫೋನು ಮಾಡಿದೆ. ಆ ಕಡೆಯವನು ಬಹಳ ಸಮಾಧಾನದ ಮನುಷ್ಯ.

"ನೀವು ಇವತ್ತು ಆಫೀಸಿಗಿ ಹೆಂಗ ಬಂದ್ರಿ?"

"ಬಸ್ಸಿಗಿ."

"ಎಲ್ಲಿ ಹತ್ತಿದ್ರಿ?"

"ಅದ ಕಮಾನಿನ ಮುಂದ."

"ಅಂದಮ್ಯಾಲ ಬಸ್ ನಿಂತೈತಲ್ರಿ! ಮತ್ತ ತಕರಾರ ಏನು?"

ಫೋನು ಇಟ್ಟ. ಈ ತರ್ಕಕ್ಕೆ ಎಷ್ಟೋ ಸಲ ಸ್ನಾನ ಮಾಡುವಾಗ ಒಳ್ಳೊಳ್ಳೆಯ ಉತ್ತರಗಳು ಹೊಳೆದಿವೆ; ಬಚ್ಚಲುಮನೆಯಲ್ಲಿ ಫೋನಿಲ್ಲ.

ದೂರಿನಿಂದ ಆಗದ್ದನ್ನು ಕಸ್ತೂರಕ್ಕ ಮಾಡಿದಳು. ಮರುದಿನದಿಂದ ಕಂಬದ ಕೆಳಗೆ ನಾನೊಬ್ಬನೇ. ಹೆಂಗಸರೆಲ್ಲ ಗ್ರೀನ್ ಸಿಟಿಯ ಕಮಾನಿನ ಎರಡು ಕಂಬಗಳ ಹಿಂದೆ, ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದೆ. ಬಸ್ಸು ನನಗೆಂದು ನಿಲ್ಲುತ್ತಿತ್ತು. ನಾನು ಬಾಗಿಲ ಕೆಳಗಿನ ಪಾವಟಿಗೆಯ ಮೇಲೆ ಒಂದು ಕಾಲಿಟ್ಟು, ಚಪ್ಪಲಿಯ ಮಣ್ಣು ಕೆರೆಯುವ ನೆವ ಮಾಡಿ ಬಾಗಿಲು ಹಿಡಿದುಕೊಂಡು ನಿಲ್ಲುತ್ತಿದ್ದೆ. ಅಷ್ಟರಲ್ಲಿ ಹುಟ್ಟುಹಬ್ಬದ ನಾಯಕರ ಬೆನ್ನ ಹಿಂದಿನಿಂದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಓಡಿಬಂದು ಹತ್ತಿಬಿಡುತ್ತಿದ್ದರು. ಕೋಳಿ ಹಿಡಿಯಲು ಬುಟ್ಟಿಯ ಕೆಳಗೆ ಕಾಳು ಹಾಕುವುದಿಲ್ಲವೇ, ಹಾಗೆ. ಕಾಳು ನಾನು. ಕಚೇರಿಯಲ್ಲಿ ನನ್ನ ಕೈಕೆಳಗೆ ಇಬ್ಬರಿದ್ದರು, ಮಗಳು ಇಂಜಿನಿಯರಿಂಗ್ ಓದುತ್ತಿದ್ದಳು, ಬಡಾವಣೆಯ ಸಂಘಕ್ಕೆ ನಾನು ಉಪಾಧ್ಯಕ್ಷ. ರಸ್ತೆಯಲ್ಲಿ ಮಾತ್ರ ಕಾಳು.

ಕೆಲವೇ ದಿನಗಳಲ್ಲಿ ಡ್ರೈವರು ನನ್ನ ಗುರುತು ಹಿಡಿದ. ನನ್ನನ್ನು ಕಂಡ ಕೂಡಲೇ ವೇಗ ಹೆಚ್ಚಿಸತೊಡಗಿದ. ಹೆಂಗಸರ ಜೊತೆ ಸೇರಿ ನಾನೂ ಕೆಟ್ಟೆ. ಆಗ ಕಸ್ತೂರಕ್ಕ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, "ಊಟದ ಚೀಲ ಹಿಡ್ಕೊಂಡು ನಿಂತ್ರ ದಿನದ ಗಿರಾಕಿ ಅಂತ ತಿಳೀತೈತಿ. ದೊಡ್ಡ ಸೂಟ್‌ಕೇಸ್ ಹಿಡೀರಿ. ಬೆಳಗಾವಿಗಿ ಹೊಂಟಾನ, ಉದ್ದ ಟಿಕೀಟು ಅಂತ ಓಡಿಬಂದು ನಿಂದರ್ತಾರ. ಒಂದು ಟೊಪಗಿ ಹಾಕ್ರಿ, ಮಾರಿ ಗೊತ್ತಾಗಬಾರ್ದು," ಎಂದಳು.

ಹೀಗೆ ಮಾವ ಕೊಟ್ಟ ಸೂಟ್‌ಕೇಸು ಅಟ್ಟದಿಂದ ಇಳಿಯಿತು. ಖಾಲಿ ಸೂಟ್‌ಕೇಸು ಎತ್ತಿದಾಗ ತೂಗಾಡಿ ಸುಳ್ಳು ಹೊರಬೀಳುತ್ತದೆಂದು ಹೆಂಗಸರ ಬುತ್ತಿಗಳನ್ನೆಲ್ಲ ಅದರೊಳಗೆ ತುಂಬಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು, ಎಣಗಾಯಿ. ಟೊಪಗಿ ಹಾಕಿ, ಬುತ್ತಿಯ ಭಾರಕ್ಕೆ ಒಂದು ಕಡೆ ವಾಲಿ ನಾನು ನಿಂತರೆ ಬಸ್ಸು ದೂರದಿಂದಲೇ ಹಾರನ್ ಹೊಡೆದು, ಇಂಡಿಕೇಟರ್ ಹಾಕಿ, ಅಳಿಯನನ್ನು ಕರೆಯಲು ಬಂದಂತೆ ನಿಲ್ಲುತ್ತಿತ್ತು. ಮೊದಲ ದಿನ ಕಂಡಕ್ಟರ್ ಇಳಿದು ಬಂದು ಸೂಟ್‌ಕೇಸಿಗೆ ಕೈ ಹಾಕಿದ್ದ. "ಎಲ್ಲಿಗ್ರಿ ಸಾಹೇಬ್ರ?" "ಬೆಳಗಾವಿಗಿ." ಬಾಗಲಕೋಟೆಯ ಟಿಕೀಟು ತೆಗೆದುಕೊಂಡಾಗ ಅವನ ಮುಖ ನೋಡಬೇಕಿತ್ತು. ಡ್ರೈವರು, ಕಂಡಕ್ಟರುಗಳು ಬದಲಾಗುತ್ತಿದ್ದುದರಿಂದ ಆಟ ಇನ್ನೂ ಕೆಲವು ದಿನ ನಡೆಯಿತು.

ಈ ಆಟದಲ್ಲಿ ನಗದೆ ಇದ್ದವಳು ನಿರ್ಮಲಾ ಒಬ್ಬಳೇ. ಗುಳೇದಗುಡ್ಡದ ಕಡೆಯ ಹುಡುಗಿ. ಗಂಡ ಇಳಕಲ್ಲಿನ ಹತ್ತಿರ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದ. ಆಕೆ ನವನಗರದ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು, ಗುತ್ತಿಗೆಯ ಮೇಲೆ. ಬಸ್ಸು ನಿಲ್ಲದ ದಿನ ಮಿಕ್ಕವರಿಗೆ ಬೈಗುಳವಾದರೆ ಆಕೆಗೆ ಗೈರುಹಾಜರಿ, ಯಾಕೆಂದರೆ ಅಲ್ಲಿ ಬೆರಳು ಒತ್ತುವ ಯಂತ್ರ ಯಾರ ಕಥೆಯನ್ನೂ ಕೇಳುವುದಿಲ್ಲ. ಒಂದು ಶನಿವಾರ ಸಂಜೆ ನಮ್ಮ ಮನೆಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ.

"ಸರ್ರ, ಸೋಮವಾರ ಮ್ಯಾಲಿನ ಸಾಹೇಬ್ರು ಬರ್ತಾರಂತ್ರಿ, ಹತ್ತಕ್ಕ. ನಾವು ಐದು ಮಂದಿ ಅದೇವಿ. ಮೂರು ಮಂದಿನ್ನ ಇಟ್ಕೋತಾರಂತ. ಬಂದಾಗ ಯಾರು ಎದುರಿಗಿ ಇರ್ತಾರ ಅವ್ರು. ಇಲ್ಲದಾವ್ರು ಮನಿಗಿ."

"ಹಂಗೆಲ್ಲಾ ಎಲ್ಲರ ಮಾಡ್ತಾರೇನವಾ?" ಎಂದೆ.

"ಮಾಡ್ತಾರ್ರಿ. ಹೋದ ವರ್ಷ ಮಾಡಿದ್ರು," ಎಂದಳು. ಆಮೇಲೆ, "ಸೋಮವಾರ ಒಂದಿನ ಟೊಪಗಿ ಮರೀಬ್ಯಾಡ್ರಿ," ಎಂದಳು. ನಗುವ ಮಾತೆಂದು ನಾನು ನಕ್ಕೆ. ಆಕೆ ನಗಲಿಲ್ಲ.

ಸೋಮವಾರ ನಾನು ಟೊಪಗಿ ಮರೆಯಲಿಲ್ಲ. ನಾನು ಹೋಗುವಷ್ಟರಲ್ಲಿ ನಿರ್ಮಲಾ ಅಲ್ಲಿದ್ದಳು. ನಸುಕಿನಿಂದ ನಿಂತಿದ್ದಳಂತೆ, ಆಗಲೇ ಎರಡು ಬಸ್ಸುಗಳು ಆಕೆಗೆ ಹೆಬ್ಬೆರಳು ತೋರಿಸಿ ಹೋಗಿದ್ದವು. ಬುತ್ತಿ ತುಂಬಿದೆವು. ಅವರೆಲ್ಲ ಫ್ಲೆಕ್ಸಿನ ಹಿಂದೆ ಹೋದರು. ಮಳೆ ಹನಿಯುತ್ತಿತ್ತು, ಅಥವಾ ಇಲ್ಲ. ಬಸ್ಸು ಬಂತು, ನಿಂತಿತು. ನಾನು ಸೂಟ್‌ಕೇಸು ಮೇಲಿಟ್ಟು, ಒಂದು ಕಾಲು ಪಾವಟಿಗೆಯ ಮೇಲಿಟ್ಟೆ. ಹೆಂಗಸರು ಓಡಿಬಂದರು. ನಿರ್ಮಲಾ ಎಲ್ಲರಿಗಿಂತ ಮುಂದೆ. ಆಕೆಯ ಕೈ ಬಾಗಿಲಿನ ಸರಳಿಗೆ ಇನ್ನೇನು ತಾಗಬೇಕು, ಒಳಗಿನಿಂದ ಕಂಡಕ್ಟರ್ ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡ. "ರೈಟ್!" ಎಂದ. ಬಾಗಿಲು ಬಡಿದುಕೊಂಡಿತು.

ಅವರಿಗೆ ಎಲ್ಲ ಗೊತ್ತಿತ್ತು. ಅವತ್ತು ಬುಟ್ಟಿ ಅವರದಾಗಿತ್ತು.

"ಹೋಲ್ಡಾನ್! ಹೆಣ್ಮಕ್ಕಳು ಅದಾರ!" ಎಂದು ಒದರಿದೆ.

"ಕುಂದರ್ರಿ ಸುಮ್ಮನ. ವಯಸ್ಸಾಗೈತಿ, ಟೊಪಗಿ ಹಾಕ್ಕೊಂಡು ನಾಟಕ ಮಾಡ್ತೀರಿ, ನಾಚಿಕಿ ಬರೂದಿಲ್ಲೇನು?"

"ನಾಚಿಕಿ ನನಗೋ ನಿನಗೋ? ಆ ಹುಡುಗಿದು ಕೆಲಸ ಹೊಕ್ಕೈತೋ!"

"ನಂದು ಇರಬೇಕಲ್ರಿ? ಹಿಂದ ನೋಡ್ರಿ, ಕಾಲಿಡಾಕ ಜಾಗ ಐತೇನು? ನಿನ್ನಿ ಒಬ್ಬಾಕಿ ಬಾಗಲದಾಗಿಂದ ಜೋತಬಿದ್ದಿದ್ಲು. ಕೆಳಗ ಬಿದ್ದು ಸತ್ರ ನೀವು ಬರ್ತೀರೇನು ಜೇಲಿಗಿ?"

ಹಿಂದೆ ನೋಡಿದೆ. ನಿಜಕ್ಕೂ ಜಾಗವಿರಲಿಲ್ಲ. ಆ ಮಾತು ಸುಳ್ಳಾಗಿದ್ದರೆ ನನ್ನ ಸಿಟ್ಟಿಗೆ ಎಷ್ಟು ಅನುಕೂಲವಾಗುತ್ತಿತ್ತು! ಆ ಹೊತ್ತಿಗೆ ಬಸ್ಸು ಇರುವುದು ಒಂದು, ಜನ ಮೂರು ಬಸ್ಸಿನಷ್ಟು. ಎರಡನೆಯದನ್ನೂ ಮೂರನೆಯದನ್ನೂ ಬಿಡಬೇಕಾದವರು ಎಲ್ಲೋ ಫ್ಯಾನಿನ ಕೆಳಗೆ ಕೂತಿದ್ದರು. ಈ ಕಂಡಕ್ಟರನೂ ನಾನೂ ಪಾವಟಿಗೆಯ ಮೇಲೆ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯಲು ನೋಡುತ್ತಿದ್ದೆವು. ಆದರೂ ಕೇಳುತ್ತೇನೆ: ಸೂಟ್‌ಕೇಸು ಹಿಡಿದ ನನಗೆ ಜಾಗವಿತ್ತಲ್ಲ? ನನಗೂ ನನ್ನ ಸೂಟ್‌ಕೇಸಿಗೂ ಇದ್ದ ಜಾಗ ಒಬ್ಬ ತೆಳ್ಳನೆಯ ಹುಡುಗಿಗೆ ಇಲ್ಲದೇ ಹೋದದ್ದು ಹೇಗೆ? ಇಷ್ಟೆಲ್ಲ ನಡೆಯುವಾಗ ಸೀಟಿನಲ್ಲಿ ಕೂತ ಗಂಡಸರು ನಗುತ್ತಿದ್ದರು. ಒಬ್ಬ, "ಕಾಕಾ, ಬೆಳಗಾವಿ ಭಾಳ ದೂರ ಐತಿ, ಕುಂದರ್ರಿ," ಎಂದ. ಆ ನಗುವನ್ನು ನಾನು ಕ್ಷಮಿಸಿಲ್ಲ.

ಮುಂದಿನದಕ್ಕೆ ಎರಡು ಪಾಠಾಂತರಗಳಿವೆ. ನಾನು ಬಸ್ಸಿನ ತಗಡು ಬಡಿದು, ನಿಲ್ಲಿಸಿ, ತಲೆ ಎತ್ತಿಕೊಂಡು ಇಳಿದೆ ಎಂಬುದು ಒಂದು. ಕಚೇರಿಯಲ್ಲಿ ಹೇಳಿದ್ದು ಅದನ್ನೇ. ನನ್ನನ್ನು ಇಳಿಸಿ ಸೂಟ್‌ಕೇಸನ್ನು ಹಿಂದಿನಿಂದ ದಬ್ಬಿದರು ಎಂಬುದು ಇನ್ನೊಂದು. ಅದೇ ಬಸ್ಸಿನಲ್ಲಿದ್ದ ಪರಿಚಯದವರೊಬ್ಬರು ಊರೆಲ್ಲ ಹೇಳಿದ್ದು ಇದನ್ನು. ಸೂಟ್‌ಕೇಸಿನ ಒಂದು ಮೂಲೆ ಜಜ್ಜಿದೆ ಎನ್ನುವುದು ನನ್ನ ಪಾಠಕ್ಕೆ ಅಷ್ಟು ಅನುಕೂಲಕರವಲ್ಲ. ಹೇಗೂ ನಾನು ರಸ್ತೆಯಲ್ಲಿದ್ದೆ. ಎರಡೂ ಕಡೆ ಸೂರ್ಯಕಾಂತಿ, ಎಲ್ಲವೂ ಬೇರೆ ಕಡೆ ಮುಖ ಮಾಡಿಕೊಂಡಿದ್ದವು.

ಓಡುತ್ತ, ನಡೆಯುತ್ತ ಕಮಾನಿನ ಹತ್ತಿರ ಬಂದರೆ ಒಂದು ನರಪಿಳ್ಳೆಯೂ ಇರಲಿಲ್ಲ. ನಾಯಕರು ಮಾತ್ರ ಫ್ಲೆಕ್ಸಿನಲ್ಲಿ ಕೈ ಮುಗಿದುಕೊಂಡು ನಿಂತಿದ್ದರು. ಎಲ್ಲರ ಬುತ್ತಿ ನನ್ನ ಕೈಯಲ್ಲಿ. ಸಿಟ್ಟು ಬಂದರೆ ನನಗೆ ಹಸಿವಾಗುತ್ತದೆ. ಇದು ಸಾತ್ವಿಕ ಕೋಪದ ಲಕ್ಷಣವಲ್ಲ, ಗೊತ್ತು. ಕಮಾನಿನ ಕಟ್ಟೆಯ ಮೇಲೆ ಕೂತು, ಕೈಗೆ ಸಿಕ್ಕ ಡಬ್ಬಿ ತೆಗೆದು, ಇಡೀ ವ್ಯವಸ್ಥೆಯನ್ನು ಬೈಯುತ್ತ ತಿಂದೆ. ಅವತ್ತು ಕಚೇರಿಗೆ ಹೋಗಲಿಲ್ಲ.

ಮರುದಿನ ಕಸ್ತೂರಕ್ಕ ಕಂಡಳು. "ನನ್ನ ಬದ್ನಿಕಾಯಿ ಪಲ್ಯ ಹೆಂಗಿತ್ರಿ ಸರ್ರ?" ಎಂದಳು.

"ಅದಿರ್ಲಿ. ನಿರ್ಮಲಾ ಮುಟ್ಟಿದ್ಲೇನು?"

ಆಕೆ ಹೇಳಿದ್ದಿಷ್ಟು. ಬಸ್ಸು ಹೋದ ಮೇಲೆ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬಂದ ಒಂದು ಗೂಡ್ಸ್ ಗಾಡಿಗೆ ಎಲ್ಲರೂ ಅಡ್ಡ ನಿಂತರು. ಅವನು ಅಮೀನಗಡದ ತನಕ ಬಿಟ್ಟ. ಅಲ್ಲಿ ಒಂದು ಕ್ರೂಸರ್ ಜೀಪು 'ಬಾಗಲಕೋಟಿ, ಬಾಗಲಕೋಟಿ' ಎಂದು ಕೂಗುತ್ತಿತ್ತು, ಆದರೆ ತುಂಬಿರಲಿಲ್ಲ. ತುಂಬದೆ ಅವು ಹೊರಡುವುದಿಲ್ಲ. "ನಂಗ ಒಲಿ ಹೊತ್ತಾಗಿತ್ರಿ. ಆಕಿನ್ನ ಅಲ್ಲೇ ನಿಂದರಿಸಿ ಅಂಗಡಿಗಿ ಓಡಿದೆ. ಒಮ್ಮಿ ತಿರುಗಿ ನೋಡಿದೆ. ಆಕಿನೂ ಇರ್ಲಿಲ್ಲ, ಗಾಡಿನೂ ಇರ್ಲಿಲ್ಲ. ಅದ್ರಾಗ ಹೋದ್ಲೋ, ಯಾವಾರ ಬೈಕಿನ್ಯಾಗ ಹೋದ್ಲೋ, ಅಳಕೋತ ತಿರುಗಿ ಬಂದ್ಲೋ, ನಾ ಏನ್ ಹೇಳ್ಲಿ?"

ನಿರ್ಮಲಾ ಮತ್ತೆ ಕಂಬದ ಹತ್ತಿರ ಬರಲಿಲ್ಲ. ಆ ತಿಂಗಳೊಳಗೆ ಅವರು ಬಾಡಿಗೆ ಮನೆ ಖಾಲಿ ಮಾಡಿದರು. ಸಾಮಾನು ಹೇರಿದ ದಿನ ನಾನು ಊರಲ್ಲಿರಲಿಲ್ಲ. ಶಾರದಾ ಇದ್ದಳು, ಆದರೆ ಬಂದವನು ಗಂಡನೊಬ್ಬನೇ, ಬಾಯಿ ಬಿಡುವವನಲ್ಲ. ಕೆಲಸ ಗಟ್ಟಿಯಾಗಿ ನವನಗರದಲ್ಲೇ ಮನೆ ಮಾಡಿದರು ಎಂದು ಹಾಲಿನವನು ಹೇಳಿದ. ಕೆಲಸ ಹೋಗಿ ಗುಳೇದಗುಡ್ಡದ ತವರಿಗೆ ಹೋದಳು, ಕುಬಸದ ಖಣ ನೇಯುವ ಮಗ್ಗಕ್ಕೆ ಕೂತಿದ್ದಾಳೆ ಎಂದು ಮನೆಯ ಮಾಲೀಕರು ಹೇಳಿದರು. ಇಬ್ಬರೂ ಕಣ್ಣಾರೆ ಕಂಡವರಂತೆ ಹೇಳಿದರು, ಇಬ್ಬರೂ ಕಂಡಿರಲಿಲ್ಲ. ಶಾರದಾಳ ಹತ್ತಿರವಿದ್ದ ಆಕೆಯ ನಂಬರು ಬಳಕೆಯಲ್ಲಿಲ್ಲ ಎಂದಿತು.

ದವಾಖಾನೆಗೂ ಹೋದೆ. ಕಿಟಕಿಯ ಹಿಂದೆ ಕೂತವನು ಮೊಬೈಲಿನಿಂದ ಕಣ್ಣು ತೆಗೆಯದೆ, "ಯಾವ ನಿರ್ಮಲಾರಿ? ಗುತ್ತಿಗಿಯವ್ರು ಬರ್ತಾರ, ಹೋಗ್ತಾರ. ಗುತ್ತಿಗಿದಾರನ ಬದಲಾಗ್ಯಾನ. ಈಗ ಇರಾವ್ರೆಲ್ಲಾ ಹೊಸಬ್ರು," ಎಂದ. ರಕ್ತ ಕೊಡುವುದಿದ್ದರೆ ಸಾಲಿನಲ್ಲಿ ನಿಲ್ಲಲು ಹೇಳಿದ. ಒಬ್ಬಳು ವರ್ಷಗಟ್ಟಲೆ ಇಲ್ಲಿ ಸೂಜಿ ಹಿಡಿದು ನಿಂತಿದ್ದಳೆಂಬ ನೆನಪು ಆ ಇಡೀ ಕಟ್ಟಡದಲ್ಲಿ ಒಬ್ಬರಿಗೂ ಇರಲಿಲ್ಲ. ನೆನಪನ್ನು ನಂಬದ ನಾನೇ ಅಲ್ಲಿ ಆಕೆಯ ಪರವಾದ ಏಕೈಕ ಸಾಕ್ಷಿ.

ನನಗೆ ಈಗ ಹುನಗುಂದಕ್ಕೇ ವರ್ಗವಾಗಿದೆ, ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಬೆಳಿಗ್ಗೆ ಕಮಾನು ದಾಟುವಾಗ ಬೇರೆ ಹೆಂಗಸರು ಕೈ ಚಾಚಿ ನಿಂತಿರುತ್ತಾರೆ. ಅವರ ಹೆಸರು ನನಗೆ ತಿಳಿಯದು.

ಆ ಸೋಮವಾರ, ಸಾಹೇಬರು ಒಳಗೆ ಬಂದಾಗ, ನಿರ್ಮಲಾ ಅವರೆದುರಿಗೆ ಇದ್ದಳೇ? ನನಗೆ ಗೊತ್ತಿಲ್ಲ.